ಓದುಗರ ಪ್ರಶ್ನೆ: ಆ್ಯಪ್‌ನ ಉದ್ದ ಪಟ್ಟಿ ತಡವರಿಸುವುದೇಕೆ?

ಪ್ರಶ್ನೆ: ಆಂಡ್ರಾಯ್ಡ್‌ಗೆ ವಚನಗಳ ಆ್ಯಪ್ ಮಾಡುತ್ತಿದ್ದೇನೆ. ಸುಮಾರು 3,000 ವಚನಗಳಿವೆ. ಮೊದಲು ಸ್ಕ್ರೋಲ್‌ವ್ಯೂ (ಜಾರಿಸಬಹುದಾದ ಚೌಕಟ್ಟು) ಒಳಗೆ ವಚನಕ್ಕೊಂದು ಟೆಕ್ಸ್ಟ್‌ವ್ಯೂ (ಪಠ್ಯ ತೋರಿಸುವ ಭಾಗ) ಹಾಕಿದ್ದೆ, ಪುಟ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಸಾಲುಗಳನ್ನು ಮರುಬಳಸುವ ರಿಸೈಕ್ಲರ್‌ವ್ಯೂಗೆ ಬದಲಿಸಿದರೂ ಅದೇ ಕತೆ. ಮೇಲ್ಗಡೆ ಒಂದು ಚಿತ್ರ ಬೇಕಾದ್ದರಿಂದ ಚಿತ್ರ, ಪಟ್ಟಿ ಎರಡನ್ನೂ ನೆಸ್ಟೆಡ್‌ಸ್ಕ್ರೋಲ್‌ವ್ಯೂ (ತನ್ನೊಳಗೆ ಇನ್ನೊಂದು ಜಾರುವ ಪಟ್ಟಿ ಇಡಬಹುದಾದ ಚೌಕಟ್ಟು) ಒಳಗೆ ಇಟ್ಟಿದ್ದೇನೆ.
— ಓದುಗರು, ಬಾಗಲಕೋಟೆ

ಉತ್ತರ: ತೊಂದರೆ ಇರುವುದು ನಿಮ್ಮ ಕೊನೆಯ ವಾಕ್ಯದಲ್ಲೇ. ರಿಸೈಕ್ಲರ್‌ವ್ಯೂ ಪರದೆಗೆ ಹಿಡಿಸುವಷ್ಟು ಸಾಲು, ಜೊತೆಗೆ ಕೆಲವು ಹೆಚ್ಚುವರಿ, ಇಷ್ಟನ್ನೇ ಕಟ್ಟುತ್ತದೆ. ಮೇಲೆ ಮರೆಯಾದ ಸಾಲಿಗೇ ಹೊಸ ಪಠ್ಯ ತುಂಬಿ ಕೆಳಗೆ ತರುತ್ತದೆ. ಆದರೆ ಪರದೆ ಎಲ್ಲಿಗೆ ಮುಗಿಯುತ್ತದೆಂದು ಅದಕ್ಕೆ ತಿಳಿಯಬೇಕಲ್ಲ? ನೆಸ್ಟೆಡ್‌ಸ್ಕ್ರೋಲ್‌ವ್ಯೂ ತನ್ನೊಳಗಿನದಕ್ಕೆ ಎತ್ತರದ ಮಿತಿಯನ್ನೇ ಹಾಕುವುದಿಲ್ಲ. ಹಾಗಾಗಿ 3,000 ಸಾಲೂ ಒಮ್ಮೆಗೇ ಸಿದ್ಧವಾಗುತ್ತವೆ.

ಹೊರಗಿನ ಸ್ಕ್ರೋಲ್ ತೆಗೆದುಹಾಕಿ, ಪಟ್ಟಿಯ ಎತ್ತರವನ್ನು ಮ್ಯಾಚ್ ಪೇರೆಂಟ್ (ಹೊರಗಿನ ಚೌಕಟ್ಟಿನಷ್ಟೇ) ಮಾಡಿ. ಚಿತ್ರವನ್ನು ಪಟ್ಟಿಯ ಮೊದಲ ಸಾಲಾಗಿ ಕೊಡಿ; ಬೇರೆ ಬೇರೆ ಪಟ್ಟಿಗಳನ್ನು ಒಂದಾಗಿ ಜೋಡಿಸುವ ಕಾನ್‌ಕ್ಯಾಟ್‌ಅಡಾಪ್ಟರ್ ಇರುವುದು ಇದಕ್ಕೇ. ಸರಿಹೋಯಿತೇ ಎಂದು ನೋಡಲು ಹೊಸ ಸಾಲು ಕಟ್ಟುವಾಗಲೆಲ್ಲ ಓಡುವ ಆನ್‌ಕ್ರಿಯೇಟ್‌ವ್ಯೂಹೋಲ್ಡರ್‌ನಲ್ಲಿ ಒಂದು ಲಾಗ್ ಸಾಲು ಹಾಕಿ ಪಟ್ಟಿಯನ್ನು ಕೊನೆಯವರೆಗೂ ಜಾರಿಸಿ. ಹತ್ತಿಪ್ಪತ್ತು ಸಲ ಅಚ್ಚಾಗಿ ನಿಂತರೆ ಸರಿ, ಸಾವಿರಗಟ್ಟಲೆ ಬಂದರೆ ಮರುಬಳಕೆ ನಡೆಯುತ್ತಿಲ್ಲ.

ಇಷ್ಟಾದ ಮೇಲೂ ತಡವರಿಸಿದರೆ ಮೊದಲು ರಿಲೀಸ್ ಬಿಲ್ಡ್‌ನಲ್ಲಿ (ಬಳಕೆದಾರರಿಗೆ ಕೊಡುವ ಆವೃತ್ತಿ) ನೋಡಿ, ಡೀಬಗ್ ಬಿಲ್ಡ್‌ನ (ತಪ್ಪು ಹುಡುಕಲು ಬಳಸುವ ಆವೃತ್ತಿ) ವೇಗವನ್ನು ನಂಬಬೇಡಿ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್, 120 ಹರ್ಟ್ಸ್ ಆದರೆ 8.3. ಈ ಅವಧಿಯಲ್ಲಿ ಬೈಂಡ್ (ಸಾಲಿಗೆ ಪಠ್ಯ ತುಂಬುವ ಕೆಲಸ) ಮುಗಿಯಬೇಕು. ಅಲ್ಲಿ ಎಚ್‌ಟಿಎಂಎಲ್ ಬಿಡಿಸುವುದು, ಡೇಟಾಬೇಸ್ ಓದುವುದು ಬೇಡ. ಅದೆಲ್ಲ ಮೊದಲೇ ಆಗಿರಲಿ.

ಉಳಿಯುವುದು ಪಠ್ಯದ ಅಳತೆ. ಕನ್ನಡಕ್ಕೆ ಇದು ಕೊಂಚ ದುಬಾರಿ. ‘ಸ್ತ್ರೀ’ ಎಂಬ ಒಂದು ಅಕ್ಷರದಲ್ಲಿ ಆರು ಯುನಿಕೋಡ್ (ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ) ಸಂಕೇತಗಳಿವೆ. ಅವನ್ನು ಸೇರಿಸಿ ಒತ್ತು, ದೀರ್ಘ ಕೂರಿಸಿದ ಮೇಲಷ್ಟೇ ಅಗಲ ಎಷ್ಟೆಂದು ಗೊತ್ತಾಗುತ್ತದೆ. ಟೆಕ್ಸ್ಟ್‌ವ್ಯೂನ ಬ್ರೇಕ್‌ಸ್ಟ್ರಾಟಜಿ (ಸಾಲು ಮುರಿಯುವ ವಿಧಾನ) ‘ಸಿಂಪಲ್’, ಹೈಫನೇಷನ್ (ಸಾಲಿನ ಕೊನೆಯಲ್ಲಿ ಪದ ಒಡೆಯುವುದು) ‘ನನ್’ ಮಾಡಿ. ಸಾಲದಿದ್ದರೆ ಆಂಡ್ರಾಯ್ಡ್ 9ರಲ್ಲಿ ಬಂದ ಪ್ರಿಕಂಪ್ಯೂಟೆಡ್‌ಟೆಕ್ಸ್ಟ್ ಬಳಸಿ, ಅಳತೆಯನ್ನು ಹಿನ್ನೆಲೆಯ ಥ್ರೆಡ್‌ನಲ್ಲಿ (ಪರದೆಯ ಕೆಲಸಕ್ಕೆ ಅಡ್ಡಬರದಂತೆ ಪ್ರತ್ಯೇಕವಾಗಿ) ನಡೆಸಬಹುದು. ಅಕ್ಷರದ ಗಾತ್ರ, ಫಾಂಟ್ ಎಲ್ಲವನ್ನೂ ಅದಕ್ಕೆ ಮೊದಲೇ ಹೊಂದಿಸಿರಬೇಕು. ಆಮೇಲೆ ಬದಲಿಸಿದರೆ ಅಳತೆ ತಾಳೆಯಾಗದೆ ಆ್ಯಪ್ ಮುಚ್ಚಿಕೊಳ್ಳುತ್ತದೆ. ಇಡೀ ಗ್ರಂಥವನ್ನು ಒಂದೇ ಟೆಕ್ಸ್ಟ್‌ವ್ಯೂಗೆ ಸುರಿದಿದ್ದರೆ ಈ ಯಾವ ಉಪಾಯಕ್ಕಿಂತ ಮೊದಲು ಅದನ್ನು ಪ್ಯಾರಾಗಳಾಗಿ ಒಡೆದು, ಪ್ಯಾರಾಕ್ಕೊಂದು ಸಾಲು ಮಾಡಿ.

ಪ್ರಶ್ನೆ: ಒಂದು ಸಾಲಿನ ನಕ್ಷತ್ರ ಒತ್ತಿದರೆ, ಕೆಳಗೆ ಜಾರಿಸಿದಾಗ ಬೇರೆ ಸಾಲಿನಲ್ಲೂ ನಕ್ಷತ್ರ ಹೊತ್ತಿಕೊಂಡಿರುತ್ತದೆ.
— ಓದುಗರು, ಪುತ್ತೂರು

ಉತ್ತರ: ಅದು ಮರುಬಳಕೆಯಾದ ಹಳೆಯ ಸಾಲಿನದೇ ಗುರುತು. ನೀವು ‘ಮೆಚ್ಚಿದ್ದರೆ ನಕ್ಷತ್ರ ತೋರಿಸು’ ಎಂದಷ್ಟೇ ಬರೆದಿರುತ್ತೀರಿ. ‘ಇಲ್ಲದಿದ್ದರೆ ಮರೆಮಾಡು’ ಎಂಬುದನ್ನೂ ಬರೆಯಿರಿ. ಸ್ಥಿತಿಯನ್ನು ವ್ಯೂನಲ್ಲಿ ಇಡದೆ ಡೇಟಾದಲ್ಲಿ ಇಡಿ. ಒಂದು ನಕ್ಷತ್ರಕ್ಕೋಸ್ಕರ ನೋಟಿಫೈ‌ಡೇಟಾಸೆಟ್‌ಚೇಂಜ್ಡ್ ಕರೆದು ಪಟ್ಟಿಯನ್ನೆಲ್ಲ ಅಲುಗಿಸಬೇಡಿ, ಲಿಸ್ಟ್‌ಅಡಾಪ್ಟರ್ ಬದಲಾದ ಸಾಲನ್ನಷ್ಟೇ ಮುಟ್ಟುತ್ತದೆ.

ಪ್ರಶ್ನೆ: ನಿಘಂಟಿನ ಆ್ಯಪ್. 50 ಪದಗಳಂತೆ ತರುತ್ತೇನೆ. ಕೆಳಕ್ಕೆ ಹೋದಷ್ಟೂ ನಿಧಾನ. ಜೊತೆಗೆ ‘ಕವಿ’ಗಿಂತ ಮೊದಲೇ ‘ಕಳೆ’ ಬರುತ್ತಿದೆ.
— ಓದುಗರು, ಮೈಸೂರು

ಉತ್ತರ: ನಿಧಾನವಾಗುತ್ತಿರುವುದು ಆಫ್‌ಸೆಟ್‌ನಿಂದ. ‘40,000 ಬಿಟ್ಟು ಮುಂದಿನ 50 ಕೊಡು’ ಎಂದರೆ ಎಸ್‌ಕ್ಯುಲೈಟ್ (ಫೋನಿನೊಳಗಿನ ಡೇಟಾಬೇಸ್) ಆ 40,000 ಸಾಲನ್ನೂ ದಾಟಿಕೊಂಡೇ ಬರಬೇಕು. ಇನ್ನು ಪದಗಳ ಕ್ರಮ. ಯುನಿಕೋಡ್‌ನಲ್ಲಿ ‘ಳ’ ಇರುವುದು ‘ಲ’ದ ಮಗ್ಗುಲಲ್ಲಿ, ‘ವ’ಕ್ಕೆ ಮೊದಲು, ನಮ್ಮ ವರ್ಣಮಾಲೆಯಲ್ಲಿ ‘ಹ’ ಆದಮೇಲೆ. ಸಾಲುಗಳನ್ನು ಕ್ರಮದಲ್ಲಿ ಜೋಡಿಸುವ ಆರ್ಡರ್ ಬೈ, ಬೇರೇನೂ ಹೇಳದಿದ್ದರೆ, ನೋಡುವುದು ಯುನಿಕೋಡ್ ಸಂಖ್ಯೆಯನ್ನು ಮಾತ್ರ.

ಎರಡಕ್ಕೂ ಮದ್ದು ಒಂದೇ. ಕಂಪ್ಯೂಟರಿನಲ್ಲೇ, ‘ಳ’ವನ್ನು ‘ಹ’ದ ಆಚೆಗೆ ಸರಿಸಿ ಒಮ್ಮೆ ಪದಗಳನ್ನು ಜೋಡಿಸಿ, ಪ್ರತಿ ಪದಕ್ಕೂ ಕ್ರಮಸಂಖ್ಯೆ ಕೊಟ್ಟು ಒಂದು ಕಾಲಂನಲ್ಲಿ ಉಳಿಸಿ, ಅದಕ್ಕೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿ. ಆ್ಯಪ್‌ನಲ್ಲಿ ‘ಕೊನೆಗೆ ಕಂಡ ಕ್ರಮಸಂಖ್ಯೆಗಿಂತ ದೊಡ್ಡದಾದ 50’ ಎಂದು ಕೇಳಿದರಾಯಿತು. ಪಟ್ಟಿಗೆ ಪದವನ್ನಷ್ಟೇ ತನ್ನಿ. ಅರ್ಥದ ಪಠ್ಯ ಪದ ಒತ್ತಿದಾಗ ಬರಲಿ. ಪದದ ಪಕ್ಕ ಅರ್ಥದ ತುಣುಕು ಬೇಕೇ ಬೇಕೆಂದರೆ ಇಷ್ಟು ಸಂಕೇತ ಎಂದು ಎಣಿಸಿ ಕತ್ತರಿಸಬೇಡಿ, ಒತ್ತಕ್ಷರದ ನಡುವೆ ತುಂಡಾಗಿ ‘ಸ್ತ್ರೀ’ ಹೋಗಿ ‘ಸ್’ ಉಳಿಯುತ್ತದೆ. ಬ್ರೇಕ್‌ಇಟರೇಟರ್‌ನಿಂದ ಪದದ ಗಡಿ ಹುಡುಕಿ ಅಲ್ಲಿ ನಿಲ್ಲಿಸಿ.

ಪ್ರಶ್ನೆ: ಕೆಲವರ ಫೋನಿನಲ್ಲಿ ಮಾತ್ರ ಒತ್ತಕ್ಷರದ ಕೆಳಭಾಗ ಕತ್ತರಿಸಿ ಕಾಣುತ್ತದೆ.
— ಓದುಗರು, ಕಲಬುರಗಿ

ಉತ್ತರ: ಅವರು ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರಬೇಕು. ಸಾಲಿಗೆ 48 ಡಿಪಿ (ಪರದೆಯ ಅಳತೆಯ ಮಾನ) ಎಂದು ನಿಗದಿ ಮಾಡಿದ್ದರೆ ಅದನ್ನು ಕನಿಷ್ಠ ಎತ್ತರವಾಗಿಸಿ, ಎತ್ತರವನ್ನು ವ್ರ್ಯಾಪ್ ಕಂಟೆಂಟ್‌ಗೆ (ಒಳಗಿನ ಪಠ್ಯ ಬೇಡುವಷ್ಟಕ್ಕೆ) ಬಿಡಿ. ಇನ್‌ಕ್ಲೂಡ್‌ಫಾಂಟ್‌ಪ್ಯಾಡಿಂಗ್ (ಅಕ್ಷರದ ಮೇಲೆ, ಕೆಳಗೆ ಬಿಡುವ ಹೆಚ್ಚುವರಿ ಜಾಗ) ‘ಫಾಲ್ಸ್’ ಇದ್ದರೆ ತೆಗೆಯಿರಿ. ಸಾಲುಗಳ ನಡುವಿನ ಅಂತರ ಮಾಮೂಲಿನ 1.2 ಪಟ್ಟು ಇದ್ದರೆ ಕನ್ನಡಕ್ಕೆ ಹಿತ.