ಗ್ಯಾರೇಜಿನ ಬೀರ್ ಮಾರಬೇಕೆಂದರೆ

ಕ್ಯಾಲಿಫೋರ್ನಿಯಾದ ಓದುಗರೊಬ್ಬರ ಪತ್ರ: "ಐದು ವರ್ಷದಿಂದ ಗ್ಯಾರೇಜಿನಲ್ಲಿ ತಿಂಗಳಿಗೊಮ್ಮೆ 5 ಗ್ಯಾಲನ್ ಬೀರ್ ಮಾಡುತ್ತಿದ್ದೇನೆ. ಕನ್ನಡ ಕೂಟದ ಗೆಳೆಯರು ದುಡ್ಡು ಕೊಟ್ಟೇ ಕೊಳ್ಳುತ್ತೇವೆ ಎನ್ನುತ್ತಾರೆ. ಲೈಸೆನ್ಸ್‌ಗೆ ಎಲ್ಲಿಂದ ಶುರು ಮಾಡಲಿ?"

ಜಾಗದಿಂದ ಶುರು ಮಾಡಿ. ಪರವಾನಗಿ ಸಿಗುವುದು ನಿಮ್ಮ ಬೀರಿನ ರುಚಿಗಲ್ಲ, ಅದನ್ನು ತಯಾರಿಸುವ ಒಂದು ನಿರ್ದಿಷ್ಟ ಕಟ್ಟಡಕ್ಕೆ. ಹೆಚ್ಚಿನವರು ಎಡವುವುದು ಇಲ್ಲೇ.

ಅಮೆರಿಕದ ಫೆಡರಲ್ ಕಾನೂನು ಮನೆಬಳಕೆಗೆ ತೆರಿಗೆಯಿಲ್ಲದೆ ಬೀರ್ ಮಾಡಿಕೊಳ್ಳಲು ಬಿಟ್ಟಿದೆ: ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200. ಆದರೆ ಆ ಬೀರನ್ನು ಮಾರುವಂತಿಲ್ಲ. "ದೇಣಿಗೆ" ಎಂದು ಡಬ್ಬಿ ಇಟ್ಟು ಲೋಟ ತುಂಬಿಸಿಕೊಟ್ಟರೂ ಅದು ಮಾರಾಟವೇ. ಯುಗಾದಿ ಕಾರ್ಯಕ್ರಮಕ್ಕೆ ಆ ಉಪಾಯ ಮಾಡಬೇಡಿ. ತೊಂದರೆ ನಿಮಗೊಬ್ಬರಿಗೇ ಅಲ್ಲ, ಕೂಟಕ್ಕೂ ಬರುತ್ತದೆ.

ವಾಸದ ಮನೆಯೊಳಗೆ ಬ್ರೂವರಿ ಇಡಲು ಫೆಡರಲ್ ನಿಯಮ ಒಪ್ಪುವುದಿಲ್ಲ. ಹಾಗಾಗಿ ಬೇರೆ ಕಟ್ಟಡ ಹುಡುಕಬೇಕು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ನಗರದ ಪ್ಲಾನಿಂಗ್ ಕಚೇರಿಗೆ ಹೋಗಿ, ಆ ವಿಳಾಸದಲ್ಲಿ ಬೀರ್ ತಯಾರಿಸಬಹುದೇ, ಗಿರಾಕಿಗಳನ್ನು ಕೂರಿಸಿ ಕುಡಿಸಬಹುದೇ ಎಂದು ಎರಡನ್ನೂ ಬೇರೆಬೇರೆಯಾಗಿ ಕೇಳಿ. ಒಳಚರಂಡಿ ವಿಭಾಗವನ್ನೂ ಬಿಡಬೇಡಿ. ಯೀಸ್ಟಿನ ಗಸಿ, ಸಕ್ಕರೆಯ ನೀರು, ತೊಳೆಯುವ ಕ್ಷಾರ ಎಲ್ಲ ಚರಂಡಿಗೇ ಇಳಿಯುವುದರಿಂದ ಅವರ ಅನುಮತಿ ಬೇಕಾಗಬಹುದು. ನೆಲದಲ್ಲಿ ಡ್ರೈನ್ ಇಲ್ಲದ ಗೋದಾಮು ಅಗ್ಗವಾಗಿ ಸಿಕ್ಕರೆ ಕಾಂಕ್ರೀಟ್ ಒಡೆಸುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಆಮೇಲೆ ಟಿಟಿಬಿ, ಅಂದರೆ ಮದ್ಯ ಮತ್ತು ತಂಬಾಕಿನ ತೆರಿಗೆ ನೋಡಿಕೊಳ್ಳುವ ಫೆಡರಲ್ ಸಂಸ್ಥೆಗೆ ಬ್ರೂವರ್ಸ್ ನೋಟಿಸ್, ಅಂದರೆ ಬ್ರೂವರಿ ನಡೆಸಲು ಒಪ್ಪಿಗೆ ಕೇಳುವ ಅರ್ಜಿ ಸಲ್ಲಿಸಬೇಕು. ಅರ್ಜಿಗೆ ಶುಲ್ಕವಿಲ್ಲ. ಕಟ್ಟಡದ ನಕ್ಷೆ, ಬಾಡಿಗೆ ಕರಾರು, ಬಂಡವಾಳ ಎಲ್ಲಿಂದ ಬಂತು ಎಂಬುದರ ದಾಖಲೆ, ಪಾಲುದಾರರ ವಿವರ ಕೇಳುತ್ತಾರೆ. ಬ್ಯಾಂಕ್ ದಾಖಲೆಯ ಮೊತ್ತಕ್ಕೂ ಅರ್ಜಿಯ ಮೊತ್ತಕ್ಕೂ ತಾಳೆಯಾಗದಿದ್ದರೆ ಕಡತ ಹಿಂದಕ್ಕೆ ಬರುತ್ತದೆ. ಅಷ್ಟು ದಿನವೂ ಬಾಡಿಗೆ ಓಡುತ್ತಿರುತ್ತದೆ. ಒಪ್ಪಿಗೆ ಬರುವ ತನಕ ಅಲ್ಲಿ ಮಾರಾಟಕ್ಕೆಂದು ಒಂದು ಬ್ಯಾಚ್ ಕೂಡ ಕುದಿಸುವಂತಿಲ್ಲ. ಮನೆಯಲ್ಲಿ ಮಾಡಿದ್ದನ್ನು ತಂದು ಮಾರುವಂತೆಯೂ ಇಲ್ಲ.

ಇದರ ಜೊತೆಗೆ ಕ್ಯಾಲಿಫೋರ್ನಿಯಾ ರಾಜ್ಯದ ಮದ್ಯ ನಿಯಂತ್ರಣ ಇಲಾಖೆಯಾದ ಎಬಿಸಿಯಿಂದ ಟೈಪ್ 23, ಅಂದರೆ ಸಣ್ಣ ಬೀರ್ ತಯಾರಕರ ಲೈಸೆನ್ಸ್ ಬೇಕು. ಅರ್ಜಿಯ ನೋಟಿಸನ್ನು ಕಟ್ಟಡದ ಮೇಲೆ 30 ದಿನ ಅಂಟಿಸಿರಬೇಕು. ಅಕ್ಕಪಕ್ಕದವರು ಆಕ್ಷೇಪಿಸಬಹುದು, ಮೊದಲೇ ಹೋಗಿ ಮಾತಾಡಿಸಿ. ಆಹಾರ ಮತ್ತು ಔಷಧ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಫ್‌ಡಿಎಯಲ್ಲಿ ನೋಂದಣಿಯೂ ಇದೆ. ಅದನ್ನು ಸಮಸಂಖ್ಯೆಯ ವರ್ಷಗಳಲ್ಲಿ ನವೀಕರಿಸಬೇಕು.

ತೆರಿಗೆಗೆ ಹೆದರಬೇಡಿ. ಸಣ್ಣ ಬ್ರೂವರಿಗೆ ಮೊದಲ 60,000 ಬ್ಯಾರೆಲ್‌ವರೆಗೆ ಬ್ಯಾರೆಲ್ಲಿಗೆ 3.50 ಡಾಲರ್ ಫೆಡರಲ್ ತೆರಿಗೆ. ಬ್ಯಾರೆಲ್ ಎಂದರೆ 31 ಗ್ಯಾಲನ್. ತಿಂಗಳಿಗೆ 10 ಬ್ಯಾರೆಲ್ ಮಾರಿದರೂ ವರ್ಷಕ್ಕೆ 420 ಡಾಲರ್, ರಾಜ್ಯದ್ದು ಬೇರೆ. ವರ್ಷದ ತೆರಿಗೆ 50,000 ಡಾಲರ್ ದಾಟದಿದ್ದರೆ ಬಾಂಡ್, ಅಂದರೆ ತೆರಿಗೆ ಕಟ್ಟುವ ಖಾತರಿಪತ್ರ ಕೂಡ ಬೇಡ. ಜನ ಸಿಕ್ಕಿಬೀಳುವುದು ಟಿಟಿಬಿಗೆ ಕೊಡುವ ವರದಿಯಲ್ಲಿ: ಏನೂ ತಯಾರಿಸದ ಅವಧಿಗೂ ಸೊನ್ನೆ ಬರೆದು ಸಲ್ಲಿಸಲೇಬೇಕು.

ಲೇಬಲ್ ಮೇಲೆ ಸರ್ಕಾರಿ ಎಚ್ಚರಿಕೆಯ ವಾಕ್ಯ ಕಡ್ಡಾಯ. ಆಲ್ಕೊಹಾಲ್ ಪ್ರಮಾಣ ಮುದ್ರಿಸಿದರೆ 0.3 ಶೇಕಡಾಂಶಕ್ಕಿಂತ ಹೆಚ್ಚುಕಡಿಮೆ ಆಗಕೂಡದು. ಹುದುಗು ಪೂರ್ತಿಯಾಗದ ಬೀರನ್ನು ಕ್ಯಾನಿಗೆ ತುಂಬಿದರೆ ಒಳಗೇ ಹುಳಿತು ಪ್ರಮಾಣ ಏರುತ್ತದೆ, ಕ್ಯಾನ್ ಉಬ್ಬಿ ಒಡೆಯಲೂಬಹುದು. ಬೀರಿನ ಸಾಂದ್ರತೆ ತೋರಿಸುವ ಹೈಡ್ರೋಮೀಟರ್‌ನ ಅಳತೆ ಮೂರು ದಿನ ಕದಲದೆ ನಿಂತ ಮೇಲೆಯೇ ತುಂಬಿಸಿ.

ಇಷ್ಟು ಬಂಡವಾಳ ಈಗಲೇ ಬೇಡವೆನಿಸಿದರೆ, ಲೈಸೆನ್ಸ್ ಇರುವ ಬ್ರೂವರಿಯಲ್ಲಿ ನಿಮ್ಮ ಪಾಕವಿಧಾನದ ಬೀರನ್ನು ಕರಾರಿನ ಮೇಲೆ ಮಾಡಿಸಿ. ಆಗ ತಯಾರಕರು ಅವರೇ. ತೆರಿಗೆ, ಲೆಕ್ಕ ಅವರ ಹೊಣೆ. ನೀವು ಸಗಟು ಮಾರುವುದಾದರೆ ಅದಕ್ಕೆ ಪ್ರತ್ಯೇಕ ಪರವಾನಗಿ. ನಮ್ಮ ಸಲಹೆಯೂ ಇದೇ, ಏಕೆಂದರೆ 5 ಗ್ಯಾಲನ್ ಪಾತ್ರೆಯ ರುಚಿ ಬೀರ್ ಕುದಿಸುವ 10 ಬ್ಯಾರೆಲ್ ಕೆಟಲ್‌ನಲ್ಲಿ ಹಾಗೆಯೇ ಬರುವುದಿಲ್ಲ. ಕುದಿ ನಿಂತ ಮೇಲೂ ದೊಡ್ಡ ಕೆಟಲ್ ಬಹಳ ಹೊತ್ತು ಬಿಸಿಯಾಗಿರುವುದರಿಂದ ಕೊನೆಯಲ್ಲಿ ಪರಿಮಳಕ್ಕೆಂದು ಹಾಕಿದ ಹಾಪ್ಸ್ ಹೂವು ಕೂಡ ಕಹಿ ಬಿಡುತ್ತದೆ. ಅದನ್ನು ಅವರ ಕೆಟಲ್‌ನಲ್ಲೇ ಕಲಿಯಿರಿ.

ಒಂದು ಮಾತು. ಊರಿಗೆ ಹೋದಾಗ ಈ ಮನೆಬಳಕೆಯ ವಿನಾಯಿತಿ ಜೊತೆಗೆ ಬರುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದೇ ಅಪರಾಧ.