ಸಂಪಾದಕರ ಉತ್ತರ: ಹಾಫ್-ಲೈಫ್ ಸರಣಿಯ ಮುಂದಿನ ಆಟ ವಿಆರ್‌ನಲ್ಲೇ ಬರಬೇಕೇ?

ಪ್ರಿಯ ಓದುಗರೇ,

ನಿಮ್ಮ ದೀರ್ಘ ಪತ್ರ ತಲುಪಿದೆ. 1998ರ ಮೊದಲ ಆಟದಿಂದಲೂ ಹಾಫ್-ಲೈಫ್ ವಿಡಿಯೋ ಗೇಮ್ ಸರಣಿಯನ್ನು ಬಿಡದೆ ಆಡಿಕೊಂಡು ಬಂದಿರುವ ನೀವು, 2020ರಲ್ಲಿ ಬಂದ ‘ಹಾಫ್-ಲೈಫ್: ಅಲಿಕ್ಸ್’ ಒಂದನ್ನು ಮಾತ್ರ ಆಡಲಾಗಲಿಲ್ಲವೆಂದು ಬರೆದಿದ್ದೀರಿ. ಅದು ವಿಆರ್ (ವರ್ಚುವಲ್ ರಿಯಾಲಿಟಿ) ಆಟ; ಕಣ್ಣು ಮುಚ್ಚುವಂತೆ ತಲೆಗೆ ತೊಡುವ ಹೆಡ್‌ಸೆಟ್ ತೊಟ್ಟ ಸ್ವಲ್ಪ ಹೊತ್ತಿಗೇ ತಲೆ ಸುತ್ತಿ ಹೊಟ್ಟೆ ತೊಳಸುತ್ತದೆ ಎಂಬುದು ನಿಮ್ಮ ತೊಂದರೆ. ವಿಆರ್ ಎಂಬುದು ನಾಲ್ಕು ದಿನದ ಬೆರಗು, ಅದರ ಬೆನ್ನು ಹತ್ತಿ ಸರಣಿಯ ತಯಾರಕ ವಾಲ್ವ್ ಕಂಪನಿ ಹಳೆಯ ಆಟಗಾರರನ್ನು ನಡುದಾರಿಯಲ್ಲಿ ಕೈಬಿಟ್ಟಿತು, ಮುಂದಿನ ಆಟವೂ ಹಾಗೆಯೇ ಬಂದರೆ ಈ ಸರಣಿ ನಿಮ್ಮ ಪಾಲಿಗೆ ಮುಗಿದಂತೆ ಎಂಬುದು ನಿಮ್ಮ ಆಕ್ಷೇಪ. ಇದರಲ್ಲಿ ಅರ್ಧವನ್ನು ಒಪ್ಪುತ್ತೇನೆ, ಉಳಿದರ್ಧವನ್ನು ಒಪ್ಪಲಾರೆ. ಒಪ್ಪದ ಭಾಗವನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಈ ಸರಣಿಗೆ ವಿಆರ್ ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಕಥೆ ಹೇಳಬೇಕಾದಾಗಲೆಲ್ಲ ಆಟಗಾರನ ಕೈಯಿಂದ ಆಟವನ್ನು ಕಿತ್ತುಕೊಂಡು ಸಿನಿಮಾ ತುಣುಕು ತೋರಿಸುವ ರೂಢಿಯನ್ನು ಮೊದಲ ಆಟವೇ ಬದಿಗಿಟ್ಟಿತ್ತು. ಬ್ಲ್ಯಾಕ್ ಮೆಸಾ ಸಂಶೋಧನಾ ಕೇಂದ್ರದೊಳಕ್ಕೆ ರೈಲಿನಲ್ಲಿ ಸಾಗುವ ಆರಂಭದಿಂದ ಕೊನೆಯವರೆಗೂ ನಾವು ಕಥಾನಾಯಕ ಗಾರ್ಡನ್ ಫ್ರೀಮನ್‌ನ ಕಣ್ಣಿನಿಂದಲೇ ಎಲ್ಲವನ್ನೂ ನೋಡುತ್ತೇವೆ. ಅವನು ಒಂದು ಮಾತನ್ನೂ ಆಡುವುದಿಲ್ಲ. 2004ರ ಎರಡನೆಯ ಆಟ ವಸ್ತುಗಳಿಗೆ ತೂಕ ಕೊಟ್ಟಿತು. ವಸ್ತುಗಳನ್ನು ಸೆಳೆದು ಎಸೆಯುವ ಗ್ರ್ಯಾವಿಟಿ ಗನ್ ಹಿಡಿದು ಗರಗಸದ ಚಕ್ರವನ್ನು ಎಳೆದುಕೊಂಡು ಎಸೆದವರಿಗೆ, ಆ ಆಟದ ನಗರವಾದ ಸಿಟಿ 17ರ ಪ್ರತಿಯೊಂದು ಡಬ್ಬ, ಹಲಗೆ, ಪೀಪಾಯಿ ಉಪಯೋಗಕ್ಕೆ ಬರುವ ವಸ್ತುವಾಗಿ ಕಂಡಿತ್ತು. ಆ ಜಗತ್ತಿನಲ್ಲಿ ಆಟಗಾರನಿಗೆ ಇಲ್ಲದೆ ಉಳಿದಿದ್ದುದು ಅವನದೇ ಆದ ಕೈಗಳು ಮಾತ್ರ. ಅಲಿಕ್ಸ್ ಅವನ್ನು ಕೊಟ್ಟಿತು.

ಕೈಗಳು ಬಂದುದರಿಂದ ಏನಾಯಿತು ಎಂಬುದನ್ನು ‘ಜೆಫ್’ ಎಂಬ ಅಧ್ಯಾಯದಿಂದ ಹೇಳುತ್ತೇನೆ. ಪಾಳುಬಿದ್ದ ಮದ್ಯದ ಕಾರ್ಖಾನೆಯೊಂದರಲ್ಲಿ ಕಣ್ಣಿಲ್ಲದ, ಆದರೆ ಸಣ್ಣ ಸದ್ದಿಗೂ ಎರಗುವ ಜೀವಿಯೊಂದು ಅಲೆಯುತ್ತಿರುತ್ತದೆ. ಗುಂಡು ಅದಕ್ಕೆ ಲೆಕ್ಕಕ್ಕಿಲ್ಲ. ಅದರ ಮೈಯಿಂದ ಏಳುವ ಧೂಳು ಮೂಗಿಗೆ ಹೋದರೆ ಆಟದ ನಾಯಕಿ ಅಲಿಕ್ಸ್‌ಗೆ ಕೆಮ್ಮು ಬರುತ್ತದೆ, ಕೆಮ್ಮಿದರೆ ಅದು ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಆಟಗಾರ ನಿಜವಾಗಿಯೂ ತನ್ನ ಕೈಯನ್ನು ಎತ್ತಿ ಬಾಯಿಗೆ ಅಡ್ಡ ಹಿಡಿಯಬೇಕು. ಉಳಿದ ಒಂದೇ ಕೈಯಲ್ಲಿ ಕಪಾಟಿನ ಬಾಗಿಲು ತೆರೆಯಬೇಕು. ಒಳಗೆ ಬಾಗಿಲಿಗೆ ಒರಗಿ ನಿಂತ ಬಾಟಲಿ ಉರುಳಿದರೆ, ನೆಲಕ್ಕೆ ತಾಗುವ ಮೊದಲೇ ಹಿಡಿಯಬೇಕು. ಬಾಯಿಂದ ಕೈ ತೆಗೆದರೆ ಕೆಮ್ಮು, ತೆಗೆಯದಿದ್ದರೆ ಬಾಟಲಿ ಚೂರು. ಈ ಇಕ್ಕಟ್ಟನ್ನು ಮೌಸು ಕೀಬೋರ್ಡುಗಳಲ್ಲಿ ಕಟ್ಟಲು ಸಾಧ್ಯವಿಲ್ಲ; ಅಲ್ಲಿ ಅದು ‘ಈ ಬಟನ್ ಒತ್ತಿ ಹಿಡಿಯಿರಿ’ ಎಂಬ ಸೂಚನೆಯಾಗಿ ಸಪ್ಪೆಯಾಗುತ್ತದೆ. ಇಂಥದ್ದನ್ನು ನಾಲ್ಕು ದಿನದ ಬೆರಗು ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಆದರೆ ಈ ಕೈಗಳಿಗಾಗಿ ಸರಣಿ ಬಿಟ್ಟುಕೊಟ್ಟದ್ದೂ ಕಡಿಮೆಯಿಲ್ಲ. ಫ್ರೀಮನ್‌ನ ಗುರುತೇ ಆಗಿದ್ದ ಕಬ್ಬಿಣದ ಹಾರೆ ಅಲಿಕ್ಸ್‌ನಲ್ಲಿಲ್ಲ. ಅದನ್ನು ತರಲು ವಾಲ್ವ್ ಪ್ರಯತ್ನಿಸಿತ್ತು; ಬೀಸಿದ ಹಾರೆ ಗೋಡೆಗೆ ತಾಗಿದಾಗ ತೆರೆಯೊಳಗೆ ಅದು ನಿಲ್ಲಬೇಕು, ಆಟಗಾರನ ಕೈಯೋ ಗಾಳಿಯಲ್ಲಿ ಮುಂದಕ್ಕೆ ಹೋಗಿಬಿಡುತ್ತದೆ, ಜೊತೆಗೆ ಅದು ಬಾಗಿಲುಗಳಿಗೆಲ್ಲ ಸಿಕ್ಕಿಕೊಳ್ಳುತ್ತಿತ್ತು. ಬಂದೂಕುಗಳು ಮೂರಕ್ಕಿಳಿದವು. ಮ್ಯಾಗಜೀನ್ ಕಳಚಿ, ಹೆಗಲ ಹಿಂದೆ ಕೈಚಾಚಿ ಬ್ಯಾಗಿನಿಂದ ಹೊಸದನ್ನು ತೆಗೆದು, ಕೂಡಿಸಿ, ಸ್ಲೈಡ್ ಎಳೆಯುವಷ್ಟರಲ್ಲಿ ಕೆಲವು ಕ್ಷಣಗಳೇ ಕಳೆಯುವುದರಿಂದ ಶತ್ರುಗಳ ಸಂಖ್ಯೆಯೂ ವೇಗವೂ ತಗ್ಗಬೇಕಾಯಿತು. ಎರಡನೆಯ ಆಟದಲ್ಲಿ ಕಾಲುವೆಗಳ ಉದ್ದಕ್ಕೂ ಏರ್‌ಬೋಟ್ ಓಡಿಸಿದ ಅಧ್ಯಾಯವನ್ನು ನೀವು ಪತ್ರದಲ್ಲಿ ನೆನೆದಿದ್ದೀರಿ. ಅಂಥದ್ದು ಅಲಿಕ್ಸ್‌ನಲ್ಲಿ ಒಂದೂ ಇಲ್ಲ. ಕಣ್ಣು ‘ಓಡುತ್ತಿದ್ದೇನೆ’ ಎನ್ನುವಾಗ ಒಳಕಿವಿಯ ಸಮತೋಲನದ ಅಂಗ ‘ನಿಂತಿದ್ದೇನೆ’ ಎನ್ನುತ್ತದೆ. ಈ ವಿರೋಧವೇ ನಿಮ್ಮನ್ನು ಕಾಡುವ ತಲೆಸುತ್ತಿಗೆ ಮುಖ್ಯ ಕಾರಣವೆಂದು ತಿಳಿಯಲಾಗಿದೆ, ಮತ್ತು ವೇಗ ಹೆಚ್ಚಿದಷ್ಟೂ ಅದು ಉಲ್ಬಣಿಸುತ್ತದೆ. ಅಭಿಮಾನಿಗಳು 2022ರಲ್ಲಿ ಎರಡನೆಯ ಆಟಕ್ಕೆ ಸೊಗಸಾದ ವಿಆರ್ ಮಾಡ್ (ಅಭಿಮಾನಿಗಳೇ ಮಾಡಿದ ಮಾರ್ಪಾಡು) ಹೊರತಂದರು. ಅದರಲ್ಲಿ ಏರ್‌ಬೋಟ್ ಇದೆ ನಿಜ, ಆದರೆ ಎಲ್ಲರ ದೇಹವೂ ಅದನ್ನು ತಾಳುವುದಿಲ್ಲ.

ಇನ್ನು ನಾನು ಒಪ್ಪುವ ಭಾಗ. ಎರಡನೆಯ ಆಟದ ಮುಂದುವರಿಕೆಯಾದ ಎಪಿಸೋಡ್ ಟೂ 2007ರಲ್ಲಿ ಕಥೆಯನ್ನು ದುಃಖದ ತಿರುವಿನಲ್ಲಿ ತಂದು ನಿಲ್ಲಿಸಿತು. ಹದಿಮೂರು ವರ್ಷ ಕಾದವರಿಗೆ ಮುಂದಿನ ಹೆಜ್ಜೆ ಸಿಕ್ಕಿದ್ದು ಅಲಿಕ್ಸ್‌ನ ಕೊನೆಯ ದೃಶ್ಯಗಳಲ್ಲಿ. ಹೆಸರಿಗೆ ಅದು ಎರಡನೆಯ ಆಟಕ್ಕಿಂತ ಹಿಂದಿನ ಕಾಲದ ಉಪಕಥೆ, ಆದರೆ ಮುಗಿಯುವಷ್ಟರಲ್ಲಿ ಮುಖ್ಯ ಕಥೆಯ ದಿಕ್ಕನ್ನೇ ಬದಲಿಸಿಬಿಡುತ್ತದೆ. ಅದೇನೆಂದು ಇಲ್ಲಿ ಹೇಳಿ ನಿಮ್ಮ ಕುತೂಹಲ ಕೆಡಿಸುವುದಿಲ್ಲ. ವಾಲ್ವ್‌ನ ಆನ್‌ಲೈನ್ ಆಟದ ಅಂಗಡಿಯಾದ ಸ್ಟೀಮ್ ಬಳಸುವವರಲ್ಲಿ ಹೆಡ್‌ಸೆಟ್ ಉಳ್ಳವರ ಪಾಲು ವರ್ಷಗಳಿಂದ ನೂರಕ್ಕೆ ಎರಡರ ಆಸುಪಾಸಿನಲ್ಲೇ ಇರುವಾಗ, ಇಷ್ಟು ದೊಡ್ಡ ತಿರುವನ್ನು ಹೆಡ್‌ಸೆಟ್ಟಿನ ಹಿಂದೆ ಇಟ್ಟಿದ್ದು ಸರಿಯಲ್ಲವೆಂಬ ನಿಮ್ಮ ಅಸಮಾಧಾನ ನ್ಯಾಯವಾದದ್ದೇ.

ಹಾಗಾದರೆ ಮುಂದೇನು? ಮುಖ್ಯ ಕಥೆಯನ್ನು ಮುಂದುವರಿಸುವ ಆಟ ಸಾಮಾನ್ಯ ತೆರೆಯ ಮೇಲೇ ಬರಲಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಜೊತೆಯಾಗಿ ವಿಆರ್ ಆಯ್ಕೆಯೊಂದನ್ನೂ ಸೇರಿಸಲಿ ಎಂದು ಹಲವರು ಬಯಸುತ್ತಾರೆ, ನಾನು ಬಯಸುವುದಿಲ್ಲ. ಒಂದೇ ಆಟ ಎರಡಕ್ಕೂ ಹೊಂದಬೇಕಾದರೆ, ತೆರೆಯ ಆಟಗಾರನಿಗೆ ವೇಗ ಸಾಲದು, ಹೆಡ್‌ಸೆಟ್ ತೊಟ್ಟವನಿಗೆ ಕೈಗೆ ಕೆಲಸವಿರದು, ಬಾಯಿ ಮುಚ್ಚಿಕೊಂಡು ಬಾಟಲಿ ಹಿಡಿಯುವಂಥ ಸನ್ನಿವೇಶ ಎರಡೂ ಕಡೆ ಕಳೆದುಹೋಗುತ್ತದೆ. ವಿಆರ್‌ಗೆ ಅದರದೇ ಆಟ ಬೇಕು: ಅಲಿಕ್ಸ್‌ನಂತೆ ಮೊದಲ ಗೆರೆಯಿಂದಲೇ ಕೈಗಳಿಗಾಗಿ ಯೋಚಿಸಿದ, ಆದರೆ ಅಲಿಕ್ಸ್‌ನಂತಲ್ಲದೆ ತನ್ನೊಳಗೇ ಮುಗಿಯುವ ಕಥೆಯುಳ್ಳ ಆಟ. ಸಿಟಿ 17ರ ಬೀದಿಗಳಲ್ಲಿ ಫ್ರೀಮನ್ ಓಡುತ್ತ ದಾಟಿಹೋದ ಮನೆಗಳು ಎಷ್ಟೋ ಇವೆ. ಅವುಗಳೊಳಗೆ ನಿಧಾನವಾಗಿ ನಡೆದು ಡ್ರಾಯರ್ ಎಳೆದು ನೋಡುವ ಕಥೆಗಳಿಗೇನೂ ಬರವಿಲ್ಲ.

ಯಂತ್ರಗಳ ವಿಷಯದಲ್ಲಿ ನಿಮ್ಮಷ್ಟು ನಿರಾಶೆ ನನಗಿಲ್ಲ. 2025ರ ನವೆಂಬರ್‌ನಲ್ಲಿ ವಾಲ್ವ್ ಪ್ರಕಟಿಸಿದ ಸ್ಟೀಮ್ ಫ್ರೇಮ್ ಹೆಡ್‌ಸೆಟ್‌ಗೆ ಕಂಪ್ಯೂಟರಿನಿಂದ ತಂತಿ ಎಳೆಯಬೇಕಾಗಿಲ್ಲ, ಮತ್ತು ಕಣ್ಣು ನೆಟ್ಟ ಜಾಗಕ್ಕಷ್ಟೇ ಹೆಚ್ಚು ಸ್ಪಷ್ಟ ಚಿತ್ರ ಕಳುಹಿಸುವ ಉಪಾಯ ಅದರಲ್ಲಿದೆ. ಇದರಿಂದ ತೊಡುವ ತಾಪತ್ರಯ ತಗ್ಗೀತು. ಒಳಕಿವಿಯ ಸಮಸ್ಯೆ ಮಾತ್ರ ಹಾಗೆಯೇ ಉಳಿಯುತ್ತದೆ.

ಅಲಿಕ್ಸ್ ಅನ್ನು ಇನ್ನೊಮ್ಮೆ ಪ್ರಯತ್ನಿಸಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಖಂಡಿತ ಪ್ರಯತ್ನಿಸಿ, ಆದರೆ ನಡೆಯುವ ಬಗೆಯನ್ನು ಬದಲಿಸಿಕೊಳ್ಳಿ. ಸರಾಗವಾಗಿ ಮುಂದೆ ಸಾಗುವ ವಿಧಾನವನ್ನು ಬಿಟ್ಟು, ಹೋಗಬೇಕಾದ ಜಾಗಕ್ಕೆ ಗುರಿಯಿಟ್ಟು ಥಟ್ಟನೆ ಅಲ್ಲಿಗೆ ತಲುಪುವ ಟೆಲಿಪೋರ್ಟ್ ವಿಧಾನವನ್ನು ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಳ್ಳಿ. ಕುಳಿತು ಆಡುವ ಅವಕಾಶವೂ, ಒಂದೇ ಕಂಟ್ರೋಲರ್‌ನಲ್ಲಿ ಆಡುವ ಅವಕಾಶವೂ ಅಲ್ಲೇ ಇವೆ. ಮೊದಲ ದಿನ ಬಾಲ್ಕನಿಯ ಆರಂಭದ ದೃಶ್ಯವನ್ನಷ್ಟೇ ಆಡಿ. ಅಲ್ಲಿನ ಗಾಜಿನ ಮೇಲೆ ಮಾರ್ಕರ್ ಹಿಡಿದು ಬೇಕಾದ್ದನ್ನು ಬರೆಯಬಹುದು. ತಲೆ ಭಾರವಾಗತೊಡಗಿದೊಡನೆ, ಸಹಿಸಿಕೊಂಡು ಮುಂದುವರಿಯದೆ, ಹೆಡ್‌ಸೆಟ್ ತೆಗೆದಿಡಿ.

— ಸಂಪಾದಕ