ಓದುಗರ ಪ್ರಶ್ನೆ: ಬೆಳಕು ಹೆಚ್ಚಿದರೆ ಪ್ರೊಮೋಟರ್ ಚುರುಕೆಂದು ಅರ್ಥವೇ?

ಪ್ರಶ್ನೆ: ಒಂದು ಪ್ರೊಮೋಟರ್‌ಗೆ (ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕು) ಮಿಂಚುಹುಳುವಿನ ಲೂಸಿಫೆರೇಸ್ (ಬೆಳಕು ಹೊಮ್ಮಿಸುವ ಕಿಣ್ವ) ಜೀನ್ ಜೋಡಿಸಿ ಮಾನವ ಕೋಶಗಳಿಗೆ ಸೇರಿಸಿದ್ದೇನೆ. ಒಂದೇ ಪ್ಲಾಸ್ಮಿಡ್ (ಜೀನ್ ಹೊತ್ತೊಯ್ಯುವ ಉಂಗುರಾಕಾರದ ಡಿಎನ್‌ಎ), ಒಂದೇ ಪ್ರಮಾಣ. ಆದರೂ ತಟ್ಟೆಯ ಮೂರು ವೆಲ್‌ಗಳಲ್ಲಿ (ಕುಳಿಗಳಲ್ಲಿ) ಬೆಳಕು ಮೂರು ಥರ. ಇದರ ಬದಲು ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನು) ಬಳಸಲೇ?

ಉತ್ತರ: ರಿಪೋರ್ಟರ್ (ಪ್ರೊಮೋಟರ್ ಎಷ್ಟು ಚುರುಕೆಂದು ತೋರಿಸುವ ಜೀನ್) ಬದಲಿಸಿದರೂ ಈ ತೊಂದರೆ ಹೋಗದು. ಪ್ರತಿ ವೆಲ್‌ನಲ್ಲೂ ಕೋಶಗಳ ಸಂಖ್ಯೆ ಬೇರೆ, ಪ್ಲಾಸ್ಮಿಡ್ ಒಳಹೋದ ಕೋಶಗಳ ಪಾಲೂ ಬೇರೆ. ನೀವು ಅಳೆದ ಬೆಳಕಿನಲ್ಲಿ ಆ ಏರುಪೇರೂ ಬೆರೆತಿದೆ. ಅದನ್ನು ಕಳೆಯಲು ಎರಡನೆಯ ರಿಪೋರ್ಟರ್ ಬೇಕೇ ಬೇಕು. ರೆನಿಲ್ಲಾ ಎಂಬ ಕಡಲಜೀವಿಯ ಲೂಸಿಫೆರೇಸ್ ಇರುವ ಪ್ಲಾಸ್ಮಿಡ್ಡನ್ನು ಅದೇ ಮಿಶ್ರಣಕ್ಕೆ ಹತ್ತರಿಂದ ಐವತ್ತರಲ್ಲಿ ಒಂದು ಪಾಲಿನಷ್ಟು ಹಾಕಿ. ಅದರ ಪ್ರೊಮೋಟರ್ ದುರ್ಬಲವಾಗಿರಲಿ. ಪ್ರಬಲವಾದದ್ದು ಟ್ರಾನ್ಸ್‌ಕ್ರಿಪ್ಷನ್ (ಜೀನ್ ನಕಲಿಸುವ) ಪ್ರೋಟೀನುಗಳನ್ನು ತಾನೇ ಕಬಳಿಸಿ ನಿಮ್ಮ ಪ್ರೊಮೋಟರನ್ನು ಕುಗ್ಗಿಸಬಹುದು.

ಮಿಂಚುಹುಳುವಿನ ಕಿಣ್ವಕ್ಕೆ ಲೂಸಿಫೆರಿನ್ ಎಂಬ ತಲಾಧಾರ (ಕಿಣ್ವ ಕೆಲಸಮಾಡುವ ಪದಾರ್ಥ), ಎಟಿಪಿ (ಕೋಶದ ಶಕ್ತಿಯ ಅಣು), ಮೆಗ್ನೀಸಿಯಂ, ಆಮ್ಲಜನಕ ಬೇಕು. ರೆನಿಲ್ಲಾಗೆ ಸೀಲೆಂಟೆರಜೀನ್ ಎಂಬ ಬೇರೊಂದು ತಲಾಧಾರ ಮತ್ತು ಆಮ್ಲಜನಕ ಸಾಕು. ಹೀಗಾಗಿ ಒಂದೇ ಲೈಸೇಟಿನಲ್ಲಿ (ಒಡೆದ ಕೋಶಗಳ ದ್ರವದಲ್ಲಿ) ಮೊದಲು ಮಿಂಚುಹುಳುವಿನ ಬೆಳಕನ್ನು ಅಳೆದು, ಅದನ್ನು ನಂದಿಸುವ ದ್ರಾವಣ ಹಾಕಿ, ಬಳಿಕ ರೆನಿಲ್ಲಾದ ಬೆಳಕನ್ನು ಅಳೆಯಬಹುದು. ಪ್ಲಾಸ್ಮಿಡ್ ಹಾಕದ ಕೋಶಗಳ ಅಳತೆಯನ್ನು ಎರಡರಿಂದಲೂ ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪ್ರೊಮೋಟರ್ ಇಲ್ಲದ ಲೂಸಿಫೆರೇಸ್ ಪ್ಲಾಸ್ಮಿಡ್ಡಿನ ಅನುಪಾತಕ್ಕಿಂತ ಇದು ಎಷ್ಟು ಪಟ್ಟು ಹೆಚ್ಚೆಂಬುದೇ ನಿಮ್ಮ ಉತ್ತರ.

ಅನುಪಾತವೊಂದನ್ನೇ ನಂಬಬೇಡಿ, ಮೂಲ ಅಂಕಿಗಳನ್ನೂ ನೋಡಿ. ಔಷಧ ಕೊಟ್ಟಾಗ ರೆನಿಲ್ಲಾವೇ ಇಳಿದಿದ್ದರೆ ಪ್ರೊಮೋಟರ್ ಏರಿದಂತೆ ಕಾಣುತ್ತದೆ. ಇನ್ನೂ ಮೋಸದ ಸಂಗತಿಯೊಂದಿದೆ: ಕೆಲವು ರಾಸಾಯನಿಕಗಳು ಮಿಂಚುಹುಳುವಿನ ಲೂಸಿಫೆರೇಸಿಗೆ ಅಂಟಿ, ಅದು ಬೇಗ ನಾಶವಾಗದಂತೆ ತಡೆಯುತ್ತವೆ. ಆಗ ಜೀನ್ ಅಲುಗದಿದ್ದರೂ ಬೆಳಕು ಹೆಚ್ಚುತ್ತದೆ.

ಜಿಎಫ್‌ಪಿಗೆ ತಲಾಧಾರ ಬೇಡ, ಕೋಶ ಒಡೆಯುವುದೂ ಬೇಡ. ಯಾವ ಕೋಶದಲ್ಲಿ ಜೀನ್ ನಡೆಯುತ್ತಿದೆ ಎಂದು ನೋಡಲು ಅದೇ ಸರಿ. ಆದರೆ ಸಸ್ತನಿಗಳ ಕೋಶದಲ್ಲಿ ಅದರ ಅರ್ಧಾಯುಷ್ಯ (ಅರ್ಧದಷ್ಟು ನಾಶವಾಗಲು ಹಿಡಿಯುವ ಸಮಯ) ಸುಮಾರು 26 ಗಂಟೆ, ಲೂಸಿಫೆರೇಸಿನದು ಸುಮಾರು 3 ಗಂಟೆ. ಪ್ರೊಮೋಟರ್ ನಿಂತ ಮೇಲೂ ಜಿಎಫ್‌ಪಿ ಹೊಳೆಯುತ್ತಲೇ ಇರುತ್ತದೆ.

ಪ್ರಶ್ನೆ: ಲ್ಯಾಕ್-ಜಡ್ (ಬ್ಯಾಕ್ಟೀರಿಯಾದ ಬೀಟಾ-ಗ್ಯಾಲಾಕ್ಟೋಸಿಡೇಸ್ ಕಿಣ್ವದ ಜೀನ್, ಇನ್ನೊಂದು ರಿಪೋರ್ಟರ್) ಹಾಕದ ಕೋಶಗಳೂ ಎಕ್ಸ್-ಗ್ಯಾಲ್‌ನಲ್ಲಿ (ಆ ಕಿಣ್ವದಿಂದ ನೀಲಿ ಬಣ್ಣ ಕೊಡುವ ಪದಾರ್ಥ) ನೀಲಿಯಾಗುತ್ತಿವೆ. ಏಕೆ?

ಉತ್ತರ: ಪ್ರಾಣಿಕೋಶದ ಲೈಸೋಸೋಮಿನಲ್ಲಿ (ಜೀರ್ಣಕಿಣ್ವಗಳ ಚೀಲದಲ್ಲಿ) ಸ್ವಂತ ಬೀಟಾ-ಗ್ಯಾಲಾಕ್ಟೋಸಿಡೇಸ್ ಇದೆ, ಅದು ಆಮ್ಲೀಯ ದ್ರಾವಣದಲ್ಲಿ ಚುರುಕು. ಬ್ಯಾಕ್ಟೀರಿಯಾದ ಕಿಣ್ವಕ್ಕೆ ತಟಸ್ಥ ಪಿಎಚ್ ಹಿತ. ಬಫರಿನ ಪಿಎಚ್ 7.3ರ ಆಸುಪಾಸಿನಲ್ಲಿದೆಯೇ ಎಂದು ಮೊದಲು ಅಳೆಯಿರಿ. ಬಣ್ಣ ಬರಿಸುವ ಅವಧಿಯನ್ನೂ ಕಡಿಮೆ ಮಾಡಿ.